ಟೆಂಡರಿನಲ್ಲಿ ಮರಕ್ಕೂ ಒಂದು ಕಾಲಂ

ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದುತ್ತಿದ್ದಾಗ ‘ಟೆಂಡರ್’ ಎಂದರೆ ಎಳೆಯದು, ಮೃದುವಾದದ್ದು ಎಂದು ಕಲಿತವಳು ನಾನು. ಶಿರಸಿ ಕಡೆಯವಳಾದ್ದರಿಂದ ಆ ಶಬ್ದ ಕೇಳಿದೊಡನೆ ನನ್ನ ಕಣ್ಣೆದುರು ಬರುತ್ತಿದ್ದುದು ಎಳನೀರು, ಅಪ್ಪೆಮಿಡಿ, ಮಳೆಗಾಲದಲ್ಲಿ ಚಿಗುರುವ ಕೆಸುವಿನ ಎಲೆ. ಕೇಂದ್ರ ಸರಕಾರದ ನೌಕರರ ಕೈಹಿಡಿದು 1994ರಲ್ಲಿ ದಿಲ್ಲಿಗೆ ಬಂದ ಮೇಲೆ ಆ ಶಬ್ದಕ್ಕೆ ಬೇರೆಯೇ ಅರ್ಥ ತಿಳಿಯಿತು. ಆಫೀಸಿನಿಂದ ತಡವಾಗಿ ಬಂದರೆ ನಮ್ಮವರು ಹೇಳುತ್ತಿದ್ದ ಕಾರಣ ಒಂದೇ: “ಇವತ್ತು ಟೆಂಡರ್ ತೆರೆಯುವ ದಿನ.” ಆ ಟೆಂಡರಿನಲ್ಲಿ ಮೃದುವಾದದ್ದು ಏನೂ ಇರಲಿಲ್ಲ. ಮೊಹರು ಹಾಕಿದ ಲಕೋಟೆಗಳು, ಅಂಕಿಗಳು, ಮತ್ತು ಎಲ್ಲರಿಗಿಂತ ಕಡಿಮೆ ಬರೆದವನ ಹೆಸರು.

ಗೃಹಿಣಿಗೆ ಟೆಂಡರಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಈ ಪುಟಗಳಲ್ಲಿ ನನ್ನಂಥವರಿಂದ ಹಬ್ಬದಡಿಗೆಯನ್ನೋ ಪ್ರವಾಸ ಕಥನವನ್ನೋ ನಿರೀಕ್ಷಿಸುವುದು ಸಹಜ. ಆದರೆ ಖರೀದಿ ಎಂಬ ವಿದ್ಯೆಯಲ್ಲಿ ಮನೆ ನಡೆಸುವವಳಿಗಿಂತ ಅನುಭವಿಗಳು ಯಾರಿದ್ದಾರೆ, ಹೇಳಿ? ತರಕಾರಿಯಿಂದ ಹಿಡಿದು ಕುಕ್ಕರಿನವರೆಗೆ ಯಾವುದರಲ್ಲಿ ಚೌಕಾಸಿ ಮಾಡಬೇಕು, ಯಾವುದರಲ್ಲಿ ಮಾಡಬಾರದು ಎಂಬುದು ನಮಗೆ ಗೊತ್ತು. ಸರಕಾರವೂ ಒಂದು ದೊಡ್ಡ ಸಂಸಾರವೇ. ಅದು ಕುರ್ಚಿ, ಕಾಗದ, ಕಬ್ಬಿಣ ಮಾತ್ರ ಕೊಳ್ಳುವುದಿಲ್ಲ. ಎಂಜಿನಿಯರುಗಳ ತಲೆಯನ್ನೂ ಕೊಳ್ಳುತ್ತದೆ. ರಸ್ತೆ ಎಲ್ಲಿ ಹೋಗಬೇಕು, ಚರಂಡಿಯ ಇಳಿಜಾರು ಎಷ್ಟು, ಕಟ್ಟಡದ ಮುಖ ಯಾವ ದಿಕ್ಕಿಗೆ ಎಂದು ನಕ್ಷೆ ಬರೆದುಕೊಡುವ ಕೆಲಸ, ನೆಲ ಅಳೆಯುವ ಕೆಲಸ, ಮೇಲ್ವಿಚಾರಣೆಯ ಕೆಲಸ, ಇವೆಲ್ಲಕ್ಕೂ ಟೆಂಡರು ಕರೆಯಲಾಗುತ್ತದೆ. ಕಡಿಮೆ ದರ ಬರೆದವನನ್ನು ‘ಎಲ್-1’ ಎನ್ನುತ್ತಾರೆ. ದಿಲ್ಲಿಯ ಸರಕಾರಿ ಕ್ವಾರ್ಟರ್ಸುಗಳಲ್ಲಿ ಬೆಳೆದ ಮಕ್ಕಳಿಗೆ ‘ಎ ಬಿ ಸಿ ಡಿ’ಯಷ್ಟೇ ಪರಿಚಿತವಾದ ಮಾತು ಇದು!

ನಮ್ಮ ಅಪ್ಪಯ್ಯ ಅಡಿಕೆ ತೋಟದ ಬಸಿಗಾಲುವೆ ತೆಗೆಸುತ್ತಿದ್ದ ರೀತಿ ನನಗೆ ನೆನಪಾಗುತ್ತದೆ. ಊರಿನಲ್ಲಿ ಕಡಿಮೆ ಕೂಲಿಗೆ ಅಗೆಯುವವರು ಬೇಕಾದಷ್ಟು ಮಂದಿ ಇದ್ದರು. ಆದರೂ ಅಪ್ಪಯ್ಯ ಕರೆಸುತ್ತಿದ್ದುದು ಸ್ವಲ್ಪ ಹೆಚ್ಚು ಕೇಳುವ ಒಬ್ಬ ಹಿರಿಯನನ್ನು. ಅವನು ಬಂದವನೇ ಗುದ್ದಲಿ ಹಿಡಿಯುತ್ತಿರಲಿಲ್ಲ. ಜೋರು ಮಳೆ ಬರುವ ದಿನ ಕಂಬಳಿಕೊಪ್ಪೆ ಹಾಕಿಕೊಂಡು ಇಡೀ ತೋಟ ಸುತ್ತಿ, ನೀರು ತಾನಾಗಿ ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡಿಕೊಂಡು ಹೋಗುತ್ತಿದ್ದ. ನೀರು ನಿಂತರೆ ಅಡಿಕೆ ಮರದ ಬೇರು ಕೆಡುತ್ತದೆ. “ಅವನಿಗೆ ಕೊಡುವ ದುಡ್ಡಿನಲ್ಲಿ ಅರ್ಧ ಅಗೆಯುವುದಕ್ಕೆ, ಅರ್ಧ ನೋಡುವುದಕ್ಕೆ” ಎನ್ನುತ್ತಿದ್ದರು ಅಪ್ಪಯ್ಯ. ಸರಕಾರಿ ಟೆಂಡರಿನಲ್ಲಿ ಅಗೆಯುವುದಕ್ಕೆ ದರವಿದೆ, ನೋಡುವುದಕ್ಕೆ ಇಲ್ಲ ಎಂಬುದೇ ನನ್ನ ಈ ಲೇಖನದ ತಕರಾರು.

ಒಂದು ಸಣ್ಣ ಉದಾಹರಣೆ ಕೊಡುತ್ತೇನೆ. ನಾವು ಈಗ ಇರುವ ಕಾಲೊನಿಯಲ್ಲಿ ಕೆಲವು ವರ್ಷಗಳ ಹಿಂದೆ ರಸ್ತೆಯ ಬದಿಗೆ ಇಂಟರ್‌ಲಾಕ್ ಟೈಲುಗಳನ್ನು ಹಾಕಿದರು. ಯಾವ ಇಲಾಖೆಯವರು ಎಂಬುದು ಬೇಡ. ಬೇವಿನ ಮರಗಳ ಕಾಂಡಕ್ಕೆ ತಾಗುವ ಹಾಗೆ, ಸೀರೆಗೆ ಫಾಲ್ಸ್ ಹಚ್ಚಿದಷ್ಟು ಅಚ್ಚುಕಟ್ಟಾಗಿ ಹಾಕಿದರು. ನೋಡಲು ಬಲು ಚೆಂದ. ಮರದ ಸುತ್ತ ಕನಿಷ್ಠ ಆರು ಅಡಿ ಉದ್ದ, ಆರು ಅಡಿ ಅಗಲದ ಜಾಗವನ್ನು ಸಿಮೆಂಟು ಮಾಡದೆ ಬಿಡಬೇಕೆಂದು ಕೇಂದ್ರದ ನಗರಾಭಿವೃದ್ಧಿ ಸಚಿವಾಲಯದ ಮಾರ್ಗಸೂಚಿ 2000ದಿಂದಲೂ ಇದೆ. ದಿಲ್ಲಿಯ ಮರಗಳ ಬುಡದ ಸುತ್ತ ಒಂದು ಮೀಟರಿನಷ್ಟು ಕಾಂಕ್ರೀಟನ್ನು ಕಿತ್ತು ತೆಗೆಯಿರಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರ ಏಪ್ರಿಲಿನಲ್ಲಿ ಆದೇಶವನ್ನೂ ಕೊಟ್ಟಿತು. ಆದೇಶ ಇದ್ದರೂ ಟೈಲು ಬಂದದ್ದು ಹೇಗೆ?

ಲೆಕ್ಕ ಹಾಕಿ ನೋಡಿ, ತಿಳಿಯುತ್ತದೆ. ಗುತ್ತಿಗೆದಾರನಿಗೆ ದುಡ್ಡು ಸಿಗುವುದು ಹಾಸಿದ ಟೈಲಿನ ಅಳತೆಯ ಮೇಲೆ. ಒಂದು ಮರದ ಸುತ್ತ ಆರಾರು ಅಡಿ ಬಿಟ್ಟರೆ 36 ಚದರ ಅಡಿ ಹೋಯಿತು. ಅರವತ್ತು ಮರಗಳಿದ್ದರೆ 2,160 ಚದರ ಅಡಿ! ಅಂದರೆ ಮರಕ್ಕೆ ಉಸಿರಾಡಲು ಜಾಗ ಬಿಟ್ಟ ಪ್ರಾಮಾಣಿಕನ ಬಿಲ್ಲು ಕಡಿಮೆಯಾಗುತ್ತದೆ, ಬಿಡದವನ ಬಿಲ್ಲು ಹೆಚ್ಚಾಗುತ್ತದೆ. ಇದರಲ್ಲಿ ಗುತ್ತಿಗೆದಾರನನ್ನು ಬೈದು ಏನು ಪ್ರಯೋಜನ? ಬೈಯಬೇಕಾದ್ದು ಆ ಕಾಗದವನ್ನು ಬರೆದ ಕೈಯನ್ನು. 2022ರ ಮೇ 30ರ ಸಂಜೆ ದಿಲ್ಲಿಯಲ್ಲಿ ಬಿರುಗಾಳಿ ಬೀಸಿ ನೂರಾರು ಮರಗಳು ಬಿದ್ದದ್ದು ನಿಮಗೂ ನೆನಪಿರಬಹುದು. ನಮ್ಮ ಕಾಲೊನಿಯಲ್ಲಿ ಅಂದು ಬಿದ್ದ ಬೇವಿನ ಕೆಳಗೆ ಇಸ್ತ್ರಿಯವನ ಮೇಜು ಇತ್ತು. ಅವನು ಬಟ್ಟೆ ಮುಟ್ಟಿಸಲು ನಮ್ಮ ಮನೆಗೇ ಬಂದಿದ್ದ, ಹಾಗಾಗಿ ಉಳಿದ. ಮಾರನೆಯ ದಿನ ಹೋಗಿ ನೋಡಿದೆ. ಅಷ್ಟು ದೊಡ್ಡ ಮರದ ಬೇರು ಪಕ್ಕಕ್ಕೆ ಹಬ್ಬಿರಲೇ ಇಲ್ಲ. ಹೂಕುಂಡದಿಂದ ಗಿಡ ಕಿತ್ತಾಗ ಬರುತ್ತದಲ್ಲ, ಹಾಗೆ ಒಂದು ಮುದ್ದೆಯಾಗಿ ಮೇಲೆ ಬಂದಿತ್ತು. ಇಪ್ಪತ್ತು ವರ್ಷ ಅದರ ನೆರಳಿನಲ್ಲಿ ದುಡಿದವನು ಈಗ ಮೇ ತಿಂಗಳ ಬಿಸಿಲಿನಲ್ಲಿ ಪ್ಲಾಸ್ಟಿಕ್ ಹಾಳೆಯ ಕೆಳಗೆ ಕೆಂಡದ ಇಸ್ತ್ರಿಪೆಟ್ಟಿಗೆ ಹಿಡಿದು ನಿಲ್ಲುತ್ತಾನೆ.

ಇನ್ನು ದೊಡ್ಡ ಉದಾಹರಣೆಗೆ ಬರೋಣ. ದಿಲ್ಲಿ ಕನ್ನಡಿಗರಲ್ಲಿ ಸರೋಜಿನಿ ನಗರ, ನೇತಾಜಿ ನಗರ, ನವರೋಜಿ ನಗರಗಳಲ್ಲಿ ಸಂಸಾರ ಹೂಡಿದವರು ಬಹಳ ಮಂದಿ. ನಾವೂ ನೇತಾಜಿ ನಗರದ ಕ್ವಾರ್ಟರ್ಸಿನಲ್ಲಿ ಹತ್ತಾರು ವರ್ಷ ಇದ್ದವರು. ಹಿತ್ತಿಲಿನಲ್ಲಿ ಕರಿಬೇವು, ಎದುರಿಗೆ ನೇರಳೆ ಮರ, ಜುಲೈ ಬಂತೆಂದರೆ ಮಕ್ಕಳ ಅಂಗಿಯ ತುಂಬ ನೇರಳೆ ಕಲೆ. 2016ರ ಜುಲೈಯಲ್ಲಿ ಕೇಂದ್ರ ಸಂಪುಟ ಇಂಥ ಏಳು ಕಾಲೊನಿಗಳನ್ನು ಕೆಡವಿ ಹೊಸದಾಗಿ ಕಟ್ಟುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. 12,970 ಹಳೆಯ ಮನೆಗಳ ಜಾಗದಲ್ಲಿ ಸುಮಾರು 25,667 ಹೊಸ ಮನೆಗಳು, ಅಂದಾಜು ವೆಚ್ಚ 32,835 ಕೋಟಿ ರೂಪಾಯಿ. ಮೂರು ಕಾಲೊನಿಗಳು ಎನ್‌ಬಿಸಿಸಿಗೆ, ನಾಲ್ಕು ಸಿಪಿಡಬ್ಲ್ಯುಡಿಗೆ. ಹಳೆಯ ಕ್ವಾರ್ಟರ್ಸುಗಳು ಸೋರುತ್ತಿದ್ದವು, ಮನೆಗಾಗಿ ನೌಕರರು ವರ್ಷಗಟ್ಟಲೆ ಕಾಯುತ್ತಿದ್ದರು. ಹೊಸ ಮನೆ ಬೇಡವೆಂದು ಯಾರೂ ಹೇಳಲಾರರು. ಆದರೆ ಸಾವಿರಾರು ಮರಗಳು ಉರುಳಲಿವೆ ಎಂದು 2018ರ ಜೂನಿನಲ್ಲಿ ಸುದ್ದಿಯಾದಾಗ ಜನ ಬೀದಿಗೆ ಬಂದು ಮರ ಅಪ್ಪಿಕೊಂಡು ನಿಂತರು. ದಿಲ್ಲಿ ಹೈಕೋರ್ಟು ಕಡಿತವನ್ನು ತಡೆಯಿತು.

ಟಿ.ವಿ.ಯಲ್ಲಿ ಅದನ್ನು ನೋಡುತ್ತಿದ್ದಾಗ ನನಗೆ ನಮ್ಮೂರ ಕಡೆಯ ಅಪ್ಪಿಕೋ ಚಳವಳಿ ನೆನಪಾಯಿತು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯವರು ಹೀಗೆಯೇ ಕಾಡಿಗೆ ಹೋಗಿ ಮರ ಅಪ್ಪಿಕೊಂಡಿದ್ದರು. ಆಗ ನಾನಿನ್ನೂ ಶಾಲೆಗೆ ಹೋಗುವ ಹುಡುಗಿ. ಅಂದು ಸಾಲ್ಕಣಿಯಲ್ಲಿ ಕಂಡದ್ದನ್ನು ಮೂವತ್ತೈದು ವರ್ಷದ ಮೇಲೆ ಸರೋಜಿನಿ ನಗರದಲ್ಲಿ ಕಂಡೆ.

ಆದರೆ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಆಮೇಲೆ ಆದದ್ದು. ಗಲಾಟೆಯಾದ ಮೇಲೆ ನಕ್ಷೆಗಳನ್ನು ತಿದ್ದುವುದಾಗಿ ಸರಕಾರ ಹೇಳಿತು. ಕಡಿಯಬೇಕಾದ ಮರಗಳ ಲೆಕ್ಕವೂ ಇಳಿಯಿತು. ಹಾಗಾದರೆ ನಕ್ಷೆ ತಿದ್ದಬಹುದಿತ್ತು ಎಂದಾಯಿತಲ್ಲ! ಅದೇ ದೇಶ, ಅದೇ ಎಂಜಿನಿಯರುಗಳು, ಅದೇ ಜಾಗ. ಮೊದಲ ದಿನವೇ “ಇರುವ ಮರಗಳನ್ನು ಉಳಿಸಿಕೊಂಡು ಮನೆ ಹೇಗೆ ಕಟ್ಟುವಿರಿ, ಬರೆದು ತೋರಿಸಿ, ಚೆನ್ನಾಗಿ ತೋರಿಸಿದವರಿಗೆ ಕೆಲಸ” ಎಂದು ಕೇಳಿದ್ದರೆ ಕೋರ್ಟು ಕಚೇರಿ ಅಲೆದಾಟ, ತಡ, ದುಡ್ಡು ಎಲ್ಲವೂ ಉಳಿಯುತ್ತಿರಲಿಲ್ಲವೇ? ಎಂಜಿನಿಯರರ ಬುದ್ಧಿಗೆ ಬರವಿಲ್ಲ. ಅವರಿಗೆ ಕೇಳುವ ಪ್ರಶ್ನೆಗೆ ಬರ.

ಹಾಗೆ ಕೇಳಲು ನಿಯಮ ಅಡ್ಡಿ ಬರುತ್ತದೆ ಎಂದು ನಾನೂ ಬಹಳ ದಿನ ನಂಬಿದ್ದೆ. ನಮ್ಮವರು ನಿವೃತ್ತರಾದ ಮೇಲೆ ಒಂದು ಸಂಜೆ ಕಾಗದ ಪೆನ್ಸಿಲ್ ಹಿಡಿದು ತಿಳಿಸಿಕೊಟ್ಟರು. ಸಲಹೆಗಾರರನ್ನು ಆರಿಸುವಾಗ ಗುಣಕ್ಕೂ ದರಕ್ಕೂ ಬೇರೆ ಬೇರೆ ಅಂಕ ಕೊಡುವ ಪದ್ಧತಿ ಕೇಂದ್ರ ಸರಕಾರದ 2017ರ ಹಣಕಾಸು ನಿಯಮಗಳಲ್ಲೇ ಇದೆ. ಗುಣಕ್ಕೆ 70, ದರಕ್ಕೆ 30 ಎಂದಿಟ್ಟುಕೊಳ್ಳಿ. ಮೊದಲನೆಯವನು ಮರ ಎಣಿಸಿ, ಮಣ್ಣು ಪರೀಕ್ಷಿಸಿ ನಕ್ಷೆ ಮಾಡುತ್ತೇನೆಂದು 10 ಲಕ್ಷ ಕೇಳುತ್ತಾನೆ. ಗುಣಕ್ಕೆ ನೂರಕ್ಕೆ 90 ಅಂಕ. ಎರಡನೆಯವನು ಆಫೀಸಿನಲ್ಲಿ ಕುಳಿತೇ ಮುಗಿಸುತ್ತೇನೆಂದು 6 ಲಕ್ಷ ಕೇಳುತ್ತಾನೆ; ಗುಣಕ್ಕೆ 65. ದರದಲ್ಲಿ ಅಗ್ಗದವನಿಗೆ ಪೂರ್ತಿ ನೂರು, ಮೊದಲನೆಯವನಿಗೆ 60. ಕೂಡಿಸಿದರೆ ಮೊದಲನೆಯವನಿಗೆ 63 ಮತ್ತು 18, ಒಟ್ಟು 81. ಎರಡನೆಯವನಿಗೆ 45.5 ಮತ್ತು 30, ಒಟ್ಟು 75.5. ಎಲ್-1 ಪದ್ಧತಿಯಲ್ಲಿ ಸೋಲುತ್ತಿದ್ದವನು ಇಲ್ಲಿ ಗೆದ್ದ! ಕಟ್ಟುವ ಕೆಲಸಗಳಿಗೂ ಇಂಥ ಪದ್ಧತಿಯನ್ನು ಕೆಲವು ಸಂದರ್ಭಗಳಲ್ಲಿ ಬಳಸಬಹುದೆಂದು ಹಣಕಾಸು ಸಚಿವಾಲಯ 2021ರ ಅಕ್ಟೋಬರಿನಲ್ಲಿ ಒಪ್ಪಿತು. ಅಲ್ಲಿ ಗುಣದ ಪಾಲು ನೂರಕ್ಕೆ 30ನ್ನು ಮೀರಬಾರದು ಎಂಬ ಮಿತಿ ಇದೆ. ಇರಲಿ, ಬಾಗಿಲಂತೂ ತೆರೆಯಿತು.

ಬಾಗಿಲು ತೆರೆದರೂ ಒಳಗೆ ಹೋಗುವವರು ಕಡಿಮೆ. ಏಕೆಂದರೆ ಕಡಿಮೆ ದರದವನಿಗೆ ಕೆಲಸ ಕೊಟ್ಟ ಅಧಿಕಾರಿಯನ್ನು ನಾಳೆ ಯಾರೂ ಪ್ರಶ್ನಿಸುವುದಿಲ್ಲ. ಹೆಚ್ಚು ದರದವನಿಗೆ ಕೊಟ್ಟರೆ ಆಡಿಟ್ಟು, ವಿಜಿಲೆನ್ಸು, ಪಿಂಚಣಿಯ ಭಯ. ಗುಣಕ್ಕೆ ಅಂಕ ಕೊಡುವ ನೆಪದಲ್ಲಿ ಬೇಕಾದವರಿಗೆ ಬೆಣ್ಣೆ ಹಚ್ಚುವವರೂ ಇಲ್ಲದಿಲ್ಲ. ಎಲ್-1 ಪದ್ಧತಿ ಬಂದದ್ದೇ ಅಂಥ ಸ್ವಜನಪಕ್ಷಪಾತ ತಡೆಯುವುದಕ್ಕೆ ಎಂಬುದನ್ನು ಮರೆಯಬಾರದು. ಆದ್ದರಿಂದ ಗುಣ ಎಂದರೆ ಏನೆಂದು ಮೊದಲೇ, ಎಲ್ಲರಿಗೂ ಕಾಣುವಂತೆ, ಅಳೆಯಲು ಬರುವಂತೆ ಬರೆದಿಡಬೇಕು. ಇಷ್ಟು ಮರ ಉಳಿದರೆ ಇಷ್ಟು ಅಂಕ, ಇಷ್ಟು ಮಳೆನೀರು ಇಂಗಿದರೆ ಇಷ್ಟು ಅಂಕ ಎಂದು.

ಇದನ್ನೆಲ್ಲ ನಾನು ಇಷ್ಟು ಹಚ್ಚಿಕೊಂಡು ಬರೆಯಲು ಇನ್ನೊಂದು ಕಾರಣವಿದೆ. ನಮ್ಮ ಮಗ ಸಿವಿಲ್ ಎಂಜಿನಿಯರ್; ಒಂದು ಸಣ್ಣ ಸಲಹಾ ಸಂಸ್ಥೆಯಲ್ಲಿ ಕೆಲಸ. ಎರಡು ವರ್ಷದ ಹಿಂದೆ ಒಂದು ಊರಿನ ಮಳೆನೀರಿನ ಚರಂಡಿಗೆ ನಕ್ಷೆ ಮಾಡಿಕೊಡುವ ಟೆಂಡರಿಗೆ ಹದಿನೈದು ದಿನ ರಾತ್ರಿ ನಿದ್ದೆಗೆಟ್ಟು ಕಾಗದ ತಯಾರಿಸಿದ. ಮಳೆಗಾಲದಲ್ಲಿ ಊರು ನಡೆದು ನೋಡುವುದು, ಹಳೆಯ ಕೆರೆಗಳನ್ನು ಗುರುತಿಸುವುದು, ಮಣ್ಣಿನಲ್ಲಿ ನೀರು ಇಂಗುವ ವೇಗ ಅಳೆಯುವುದು, ಮರಗಳನ್ನು ನಕ್ಷೆಯಲ್ಲಿ ಗುರುತು ಹಾಕುವುದು, ಎಲ್ಲಕ್ಕೂ ದುಡ್ಡು ಹಿಡಿದಿದ್ದ. ಅವನು ಹೇಳಿದ್ದರ ಅರ್ಧಕ್ಕಿಂತ ಕಡಿಮೆ ಹೇಳಿದವರಿಗೆ ಕೆಲಸ ಹೋಯಿತು. ಮುಂದಿನ ಸಲ ಮೇಲಿನವರು “ಆ ನಾಲ್ಕು ಬಾಬತ್ತು ತೆಗೆದುಬಿಡು, ಗೆಲ್ಲುತ್ತೇವೆ” ಎಂದರು. ತೆಗೆದ, ಗೆದ್ದರು. ಆ ದಿನ ಮನೆಗೆ ಬಂದವನು ಊಟಕ್ಕೆ ಕುಳಿತು ಹೇಳಿದ: “ಆಯಿ, ಆ ಫಾರಂನಲ್ಲಿ ಮರಕ್ಕೆ ಕಾಲಂ ಇಲ್ಲ. ಕೆರೆಗೆ ಕಾಲಂ ಇಲ್ಲ. ನಾನು ಓದಿದ್ದಕ್ಕೂ ಕಾಲಂ ಇಲ್ಲ.”

ನಾನು ಏನು ಹೇಳಲಿ? ಅವನ ಜೊತೆ ಓದಿದವರಲ್ಲಿ ಅರ್ಧ ಮಂದಿ ಹೊರದೇಶದಲ್ಲಿದ್ದಾರೆ. ಅವನೂ ಈಗ ಅರ್ಜಿ ಹಾಕುವ ಮಾತಾಡುತ್ತಿದ್ದಾನೆ. ಮಗ ದೂರ ಹೋಗುವ ಸಂಕಟ ತಾಯಿಗೆ ಇದ್ದೇ ಇರುತ್ತದೆ, ಅದು ಹೊಸದಲ್ಲ. ಆದರೆ ಕೆಲಸ ಚೆನ್ನಾಗಿ ಮಾಡಬೇಕೆಂಬ ಆಸೆ ಹೊತ್ತ ಹುಡುಗ ಆ ಆಸೆಗಾಗಿಯೇ ಊರು ಬಿಡುವಂತಾದರೆ ನಷ್ಟ ನನಗೊಬ್ಬಳಿಗೇ ಅಲ್ಲ. 2024ರ ಜೂನ್ 28ರಂದು ಸಫ್ದರ್‌ಜಂಗ್‌ನಲ್ಲಿ 24 ಗಂಟೆಗಳಲ್ಲಿ 228.1 ಮಿಲಿಮೀಟರ್ ಮಳೆ ಸುರಿದು ರಾಜಧಾನಿ ಮುಳುಗಿತಲ್ಲ, ಆಗ ದಿಲ್ಲಿ ನಂಬಿಕೊಂಡಿದ್ದುದು 1976ರ ಚರಂಡಿ ಯೋಜನೆಯನ್ನು. ಅಂಥ ಕೆಲಸಕ್ಕೆ ಅಗ್ಗದ ತಲೆ ಸಾಕೇ?

ಹಾಗೆಂದು ಎಲ್ಲ ಕತ್ತಲೆಯೇ ಎಂದು ನಾನು ಹೇಳುವುದಿಲ್ಲ. ಸರಕಾರ ಮನಸ್ಸು ಮಾಡಿ ಸರಿಯಾದ ಪ್ರಶ್ನೆ ಕೇಳಿದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ದಿಲ್ಲಿಯಲ್ಲೇ ಸಾಕ್ಷಿಗಳಿವೆ. ಜೋರ್ ಬಾಗಿನ ಇಂದಿರಾ ಪರ್ಯಾವರಣ ಭವನವನ್ನು ಕಟ್ಟಿದ್ದು ಇದೇ ಸಿಪಿಡಬ್ಲ್ಯುಡಿ. ಉದ್ಘಾಟನೆಯಾದದ್ದು 2014ರ ಫೆಬ್ರವರಿಯಲ್ಲಿ. ತನಗೆ ಬೇಕಾದಷ್ಟು ವಿದ್ಯುತ್ತನ್ನು ತಾನೇ ಸೂರ್ಯನಿಂದ ಪಡೆಯಬೇಕು ಎಂಬ ಗುರಿಯಿಟ್ಟೇ ಅದನ್ನು ರೂಪಿಸಿದರು. ಮಾಡಿನ ಮೇಲಿನ ಸೌರಫಲಕಗಳ ಸಾಮರ್ಥ್ಯ 930 ಕಿಲೋವ್ಯಾಟ್. ನಮ್ಮ ಮೆಟ್ರೋ ರೈಲನ್ನೇ ನೋಡಿ. ಬ್ರೇಕು ಹಾಕಿದಾಗ ಅದರ ಮೋಟಾರೇ ಜನರೇಟರಿನಂತೆ ತಿರುಗಿ ವಿದ್ಯುತ್ತನ್ನು ತಂತಿಗೆ ಹಿಂದಿರುಗಿಸುತ್ತದೆ. ಹತ್ತಿರದ ಇನ್ನೊಂದು ರೈಲು ಅದನ್ನು ಬಳಸಿಕೊಳ್ಳುತ್ತದೆ. ಇದಕ್ಕಾಗಿ 2007ರಲ್ಲಿ ವಿಶ್ವಸಂಸ್ಥೆಯ ಕಾರ್ಬನ್ ಯೋಜನೆಯಲ್ಲಿ ನೋಂದಣಿಯಾಗಿ, ಜಗತ್ತಿನಲ್ಲೇ ಅಂಥ ಮೊದಲ ರೈಲು ಎನಿಸಿತು.

ಎಲ್‌ಇಡಿ ಬಲ್ಬಿನ ಕಥೆಯಂತೂ ಗೃಹಿಣಿಯರೆಲ್ಲ ತಿಳಿಯಬೇಕಾದ್ದು. 2014ರ ಆರಂಭದಲ್ಲಿ ಸರಕಾರಿ ಸಂಸ್ಥೆ ಇಇಎಸ್‌ಎಲ್ ಒಂದು ಬಲ್ಬಿಗೆ 310 ರೂಪಾಯಿ ಕೊಟ್ಟು ಕೊಂಡಿತ್ತು. ಕೋಟಿಗಟ್ಟಲೆ ಒಟ್ಟಿಗೆ ಕೊಳ್ಳುತ್ತಾ ಹೋದ ಹಾಗೆ 2016ರ ಹೊತ್ತಿಗೆ ಬೆಲೆ 38 ರೂಪಾಯಿಗೆ ಇಳಿಯಿತು. ಬೀದಿ ದೀಪದಲ್ಲಿ ಇನ್ನೂ ಜಾಣತನ ತೋರಿಸಿದರು. ದೀಪ ಬದಲಿಸುವ ಖರ್ಚನ್ನು ಮೊದಲು ಆ ಸಂಸ್ಥೆಯೇ ಹಾಕುತ್ತದೆ. ವಿದ್ಯುತ್ ಬಿಲ್ಲಿನಲ್ಲಿ ಉಳಿದ ದುಡ್ಡಿನಿಂದ ನಗರಸಭೆ ಅದನ್ನು ತೀರಿಸುತ್ತದೆ. ದಕ್ಷಿಣ ದಿಲ್ಲಿಯಲ್ಲಿ ಹೀಗೆಯೇ ಎರಡು ಲಕ್ಷದಷ್ಟು ದೀಪಗಳು ಬದಲಾದವು. ಇಲ್ಲಿ ಸರಕಾರ ಕೊಂಡದ್ದು ದೀಪವನ್ನಲ್ಲ, ಉಳಿತಾಯವನ್ನು. ದೀಪ ಕೆಟ್ಟರೆ ಮಾರಿದವನಿಗೂ ನಷ್ಟ, ಆದ್ದರಿಂದ ಅವನೇ ಕಾಯುತ್ತಾನೆ.

ಈ ತತ್ವವನ್ನು ಮರಕ್ಕೂ ಹಚ್ಚಿ ನೋಡಿದರು. ದಿಲ್ಲಿ ಸರಕಾರದ 2020ರ ಮರ ಸ್ಥಳಾಂತರ ನೀತಿಯಲ್ಲಿ, ಕಾಮಗಾರಿಗೆ ಅಡ್ಡ ಬರುವ ಮರಗಳಲ್ಲಿ ನೂರಕ್ಕೆ 80ನ್ನು ಬೇರೆಡೆ ನೆಡಬೇಕು, ನೆಟ್ಟವುಗಳಲ್ಲಿ ನೂರಕ್ಕೆ 80 ಒಂದು ವರ್ಷದ ನಂತರ ಬದುಕಿರಬೇಕು ಎಂದಿದೆ. ಕಾಗದದ ಮೇಲೆ ಬಹಳ ಒಳ್ಳೆಯದು. ಆದರೆ ಆ ಹಿಂದಿನ ವರ್ಷಗಳಿಂದ ಸ್ಥಳಾಂತರವಾದ ಹದಿನಾರು ಸಾವಿರಕ್ಕೂ ಹೆಚ್ಚು ಮರಗಳಲ್ಲಿ ಬದುಕಿರುವುದು ಮೂರರಲ್ಲಿ ಒಂದು ಮಾತ್ರ ಎಂದು 2022ರಲ್ಲಿ ಅರಣ್ಯ ಇಲಾಖೆಯೇ ಹೈಕೋರ್ಟಿಗೆ ಹೇಳಬೇಕಾಯಿತು. ಕಾಲಂ ಇದ್ದರೆ ಸಾಲದು, ಅದನ್ನು ತುಂಬಿದ್ದು ನಿಜವೇ ಎಂದು ಹೋಗಿ ನೋಡುವವರೂ ಬೇಕು. ಸಾರು ಕುದಿಯಿತೋ ಇಲ್ಲವೋ ಎಂದು ಮುಚ್ಚಳ ತೆಗೆದು ನೋಡದೆ ಯಾರಾದರೂ ಒಲೆ ಆರಿಸುತ್ತಾರೆಯೇ?

ಇಲ್ಲಿಗೆ ಓದುಗರಲ್ಲಿ ನನ್ನದೊಂದು ವಿನಂತಿ. ನಮ್ಮ ಸಂಘದ ಸದಸ್ಯರಲ್ಲಿ ಎಷ್ಟೋ ಮಂದಿ ಸರಕಾರಿ ಕಚೇರಿಗಳಲ್ಲಿ ಇದ್ದೀರಿ. ಟೆಂಡರ್ ಸಮಿತಿಗಳಲ್ಲಿ ಕೂರುತ್ತೀರಿ. ಮುಂದಿನ ಸಲ ಕಾಗದ ಸಿದ್ಧವಾಗುವಾಗ, ದರ ತೆರೆಯುವ ಮುಂಚೆ, ಎರಡು ಸಾಲು ಸೇರಿಸಿ: ಮರದ ಸುತ್ತ ಬಿಟ್ಟ ಜಾಗಕ್ಕೂ ಟೈಲಿನಷ್ಟೇ ದರ, ನೆಲ ನೋಡುವ ಕೆಲಸಕ್ಕೆ ಬೇರೆ ದುಡ್ಡು. ನಿವೃತ್ತರಾದವರು ನಿಮ್ಮ ನಿಮ್ಮ ಬಡಾವಣೆಯ ನಿವಾಸಿಗಳ ಸಂಘಗಳಲ್ಲಿ ಇದ್ದೀರಿ. ರಸ್ತೆ ಅಗೆಯಲು ಬಂದವರಿಗೆ ಕೆಲಸದ ಆದೇಶದ ಪ್ರತಿ ಕೇಳಿ. ಮಾಹಿತಿ ಹಕ್ಕು ಕಾಯಿದೆ 2005ರಿಂದಲೂ ಇದೆ, ಅರ್ಜಿಗೆ ಹತ್ತು ರೂಪಾಯಿ. ಮಣ್ಣಿನ ರಾಶಿಗೆ ಹೊದಿಕೆ ಹಾಕದಿದ್ದರೆ ಕೇಳಿ. ದಿಲ್ಲಿಯ ಗಾಳಿಯಲ್ಲಿನ ದಪ್ಪ ಕಣಗಳಲ್ಲಿ ನೂರಕ್ಕೆ 56 ಪಾಲು ರಸ್ತೆಯ ಧೂಳು ಎಂದು ಕಾನ್ಪುರದ ಐಐಟಿ 2016ರಲ್ಲೇ ಹೇಳಿದೆ. ನಮ್ಮ ಮೊಮ್ಮಕ್ಕಳ ಎದೆಯೊಳಗೆ ಹೋಗುವ ಧೂಳು ಅದು.

ಗೃಹಿಣಿಯರಿಗೂ ಒಂದು ಮಾತು. ಬುಡಕ್ಕೆ ಟೈಲು ಬಿಗಿದ ಮರ ನಿಮ್ಮ ಓಣಿಯಲ್ಲಿ ಎಷ್ಟಿವೆ, ಸಂಜೆ ವಾಕಿಂಗ್ ಹೋದಾಗ ಎಣಿಸಿ. ನಾವು ನಾಲ್ವರು ಗೆಳತಿಯರು ಎಣಿಸಿದೆವು, 43 ಸಿಕ್ಕವು. ಫೋಟೋ ತೆಗೆದು, ಮನೆ ನಂಬರು ಸಹಿತ ಬರೆದು ಕೊಟ್ಟೆವು. ಮೂರು ಸಲ ಅಲೆದ ಮೇಲೆ 17 ಮರಗಳ ಬುಡ ಬಿಡಿಸಿಕೊಟ್ಟಿದ್ದಾರೆ. ಇನ್ನು 26 ಬಾಕಿ ಇವೆ. ಬರುವ ಸೋಮವಾರ ಮತ್ತೆ ಹೋಗುತ್ತೇವೆ. ಈ ಸಲ ಮಗನೂ ರಜೆ ಹಾಕಿ ಅಳತೆ ಪಟ್ಟಿ ಹಿಡಿದು ಬರುತ್ತೇನೆಂದಿದ್ದಾನೆ.